ಬಿಪಿ ತೋರಿಸುವ ಹಳೆಯ ಕ್ಯಾಸಿಯೋ ಕೈಗಡಿಯಾರ: ಬಳಸುವ ಬಗೆ, ಕಾಪಾಡುವ ಬಗೆ

1990ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಕ್ಯಾಸಿಯೋ ಸಂಸ್ಥೆ ಬಿಪಿ-100, ಬಿಪಿ-120 ಎಂಬ ಹೆಸರಿನ ಡಿಜಿಟಲ್ ಕೈಗಡಿಯಾರಗಳನ್ನು ಮಾರುಕಟ್ಟೆಗೆ ತಂದಿತು. ಸಮಯ, ದಿನಾಂಕಗಳ ಜೊತೆಗೆ ನಾಡಿಮಿಡಿತವನ್ನೂ ರಕ್ತದೊತ್ತಡವನ್ನೂ ತೋರಿಸುವುದು ಇವುಗಳ ವಿಶೇಷ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವ ಗೋಜಿಲ್ಲದೆ, ಗಡಿಯಾರದ ಮುಖದ ಮೇಲೆ ಬೆರಳಿಟ್ಟರೆ ಮೇಲಿನ ಬಿಪಿ, ಕೆಳಗಿನ ಬಿಪಿ ಎರಡೂ ಪರದೆಯಲ್ಲಿ ಮೂಡುವುದು ಆ ಕಾಲಕ್ಕೆ ಅಚ್ಚರಿಯ ಸಂಗತಿಯೇ ಆಗಿತ್ತು. ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನೋ, ಹಳೆಯ ಗಡಿಯಾರ ಸಂಗ್ರಹಿಸುವವರಿಂದ ಕೊಂಡದ್ದನ್ನೋ ಮತ್ತೆ ನಡೆಸಬೇಕೆಂದಿರುವವರಿಗಾಗಿ ಈ ಲೇಖನ.

ಮುಂದಿನ ಎಲ್ಲ ಹಂತಗಳಿಗೂ ಆಧಾರವಾಗಿರುವ ಒಂದು ಮಾತನ್ನು ಮೊದಲಿಗೇ ಹೇಳಬೇಕು. ಈ ಗಡಿಯಾರ ರಕ್ತದೊತ್ತಡವನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಆ ಅಂದಾಜಿಗೆ ಬೇಕಾದ ಮೂಲ ಅಂಕಿಯನ್ನು ತೋಳಪಟ್ಟಿಯ ಯಂತ್ರದಿಂದ ಅಳೆದು ನಾವೇ ಅದಕ್ಕೆ ಕೊಟ್ಟಿರುತ್ತೇವೆ. ಆದ್ದರಿಂದ ಮನೆಯಲ್ಲಿ ಒಂದು ಒಳ್ಳೆಯ ತೋಳಪಟ್ಟಿ ಯಂತ್ರ ಇಲ್ಲದವರು ಇದನ್ನು ಗಡಿಯಾರವಾಗಿ ಮಾತ್ರ ಕಟ್ಟಿಕೊಳ್ಳುವುದು ಲೇಸು. ಮಾತ್ರೆಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ನಿರ್ಧಾರಕ್ಕಂತೂ ಇದರ ಅಂಕಿಯನ್ನು ಆಧಾರವಾಗಿ ಇಟ್ಟುಕೊಳ್ಳಲೇಬಾರದು.

ಪಟ್ಟಿಯಿಲ್ಲದೆ ಒತ್ತಡ ಹೇಗೆ ತಿಳಿಯುತ್ತದೆ?

ಇಟಲಿಯ ರೀವಾ-ರೋಚಿ 1896ರಲ್ಲಿ ತೋಳಪಟ್ಟಿಯ ವಿಧಾನವನ್ನು ಪ್ರಕಟಿಸಿದರು. ರಷ್ಯಾದ ಕೊರೊಟ್ಕೋವ್ 1905ರಲ್ಲಿ ಸ್ಟೆತಾಸ್ಕೋಪಿನಿಂದ ಶಬ್ದ ಆಲಿಸುವ ಕ್ರಮವನ್ನು ಅದಕ್ಕೆ ಸೇರಿಸಿದರು. ಇಂದಿಗೂ ವೈದ್ಯರು ನಂಬುವುದು ಈ ಪರಂಪರೆಯನ್ನೇ. ಅಲ್ಲಿ ರಕ್ತನಾಳವನ್ನು ಹೊರಗಿನಿಂದ ಒತ್ತಿ, ಎಷ್ಟು ಒತ್ತಿದಾಗ ಹರಿವು ನಿಲ್ಲುತ್ತದೆ, ಎಲ್ಲಿಗೆ ಸಡಿಲಿಸಿದಾಗ ತಡೆಯಿಲ್ಲದೆ ಹರಿಯುತ್ತದೆ ಎಂಬುದನ್ನು ನೇರವಾಗಿ ನೋಡಲಾಗುತ್ತದೆ.

ಕ್ಯಾಸಿಯೋ ಗಡಿಯಾರದ ದಾರಿ ಬೇರೆ. ಗಡಿಯಾರದ ಹಿಂಬದಿಯ ಲೋಹ ಎಡ ಮಣಿಕಟ್ಟಿಗೆ ತಾಗಿರುತ್ತದೆ. ಮುಖದ ಮೇಲೆ ಬಲಗೈ ಬೆರಳುಗಳನ್ನು ಇಡುವ ಜಾಗದಲ್ಲಿ ಒಂದು ಲೋಹದ ಎಲೆಕ್ಟ್ರೋಡ್ ಮತ್ತು ಒಂದು ಬೆಳಕಿನ ಸಂವೇದಕ ಇರುತ್ತವೆ. ಎಡಗೈ, ಎದೆ, ಬಲಗೈ ಸೇರಿ ಒಂದು ವಿದ್ಯುತ್ ಮಂಡಲ ಪೂರ್ಣವಾದಾಗ ಹೃದಯದ ವಿದ್ಯುತ್ ಸಂಕೇತ, ಅಂದರೆ ಇಸಿಜಿಯ ಮೊನೆ, ಗಡಿಯಾರಕ್ಕೆ ಸಿಗುತ್ತದೆ. ಅದೇ ಬಡಿತದಿಂದ ಹೊರಟ ರಕ್ತದ ಅಲೆ ಸ್ವಲ್ಪ ತಡವಾಗಿ ಬೆರಳ ತುದಿಯನ್ನು ತಲುಪಿದಾಗ, ಅಲ್ಲಿನ ಬೆಳಕಿನ ಹೀರಿಕೆ ಬದಲಾಗುವುದರಿಂದ, ಅದನ್ನು ಸಂವೇದಕ ಗುರುತಿಸುತ್ತದೆ. ಈ ಎರಡರ ನಡುವಿನ ಅವಧಿ ಸುಮಾರು ಕಾಲು ಸೆಕೆಂಡು. ಒತ್ತಡ ಹೆಚ್ಚಾದಾಗ ಅಪಧಮನಿಯ ಗೋಡೆ ಬಿಗಿಯಾಗಿ ಅಲೆ ವೇಗವಾಗಿ ಸಾಗುತ್ತದೆ, ಅವಧಿ ಕಡಿಮೆಯಾಗುತ್ತದೆ; ಒತ್ತಡ ಇಳಿದಾಗ ಅವಧಿ ಹಿಗ್ಗುತ್ತದೆ. ಗಡಿಯಾರ ನಿಜವಾಗಿ ಅಳೆಯುವುದು ಈ ಕಾಲವನ್ನು ಮಾತ್ರ, ಮತ್ತು ಕಾಲವನ್ನು ಅಳೆಯುವುದರಲ್ಲಿ ಗಡಿಯಾರ ನಿಪುಣವೇ ತಾನೆ!

ತೊಡಕು ಇರುವುದು ಕಾಲವನ್ನು ಒತ್ತಡವಾಗಿ ಬದಲಿಸುವಲ್ಲಿ. ಒಬ್ಬರ ರಕ್ತನಾಳದ ಬಿಗಿತ ಇನ್ನೊಬ್ಬರಿಗಿಲ್ಲ. ಐವತ್ತರ ವಯಸ್ಸಿನಲ್ಲಿ ಇದ್ದದ್ದು ಎಪ್ಪತ್ತರಲ್ಲಿ ಉಳಿಯುವುದಿಲ್ಲ. ಅದಲ್ಲದೆ ಇಸಿಜಿಯ ಮೊನೆ ಕಾಣಿಸಿಕೊಂಡ ಕ್ಷಣಕ್ಕೇ ಹೃದಯದಿಂದ ರಕ್ತ ಹೊರಡುವುದಿಲ್ಲ. ಹೃದಯದ ಸ್ನಾಯು ಬಿಗಿಗೊಂಡು ಕವಾಟ ತೆರೆಯುವವರೆಗೆ ಒಂದು ಚಿಕ್ಕ ಸಿದ್ಧತೆಯ ಅವಧಿ ಇದೆ, ಮತ್ತು ಆ ಅವಧಿ ಓಡಾಟ, ಉದ್ವೇಗ, ಕೂತ ಭಂಗಿ, ಹೃದಯದ ಬಡಿತವನ್ನು ನಿಧಾನಗೊಳಿಸುವ ಮಾತ್ರೆಗಳು ಇವೆಲ್ಲವುಗಳಿಂದ ಒತ್ತಡಕ್ಕೆ ಸಂಬಂಧವಿಲ್ಲದೆಯೂ ಬದಲಾಗುತ್ತದೆ. ಗಡಿಯಾರಕ್ಕೆ ಇದಾವುದೂ ಬೇರೆಯಾಗಿ ಕಾಣುವುದಿಲ್ಲ. ಒಟ್ಟು ಅವಧಿಯಷ್ಟೇ ಕಾಣುತ್ತದೆ. ಮೇಲಿನ ಬಿಪಿಯ ಅಂದಾಜಿಗಿಂತ ಕೆಳಗಿನ ಬಿಪಿಯ ಅಂದಾಜು ಹೆಚ್ಚು ದುರ್ಬಲ ಎಂಬುದನ್ನೂ ನೆನಪಿಡಬೇಕು.

ಕೈಗೆ ಬಂದಾಗ ಮೊದಲು ನೋಡಬೇಕಾದದ್ದು

ಹಳೆಯ ಗಡಿಯಾರ ಕೊಳ್ಳುವಾಗ ಸಮಯ ಸರಿಯಾಗಿ ತೋರಿಸುತ್ತಿದೆ ಎಂಬುದು ಸಾಕಾದ ಪುರಾವೆಯಲ್ಲ. ಸಮಯ ನಡೆಸಲು ಬೇಕಾದ ವಿದ್ಯುತ್ ಅತ್ಯಲ್ಪ. ಬೆಳಕಿನ ಸಂವೇದಕವನ್ನು ಉರಿಸಿ ಅಳತೆ ಮಾಡಲು ಅದಕ್ಕಿಂತ ಬಹಳ ಹೆಚ್ಚು ಬೇಕು. ಆದ್ದರಿಂದ ಮಾರುವವರು ಎದುರಿಗಿದ್ದರೆ ನಾಡಿಮಿಡಿತದ ಅಳತೆಯನ್ನು ಮಾಡಿ ತೋರಿಸಲು ಕೇಳಿ. ನಾಡಿ ಸಿಕ್ಕರೆ ಬೆಳಕಿನ ಸಂವೇದಕ ಜೀವಂತವಾಗಿದೆ ಎಂದು ನಂಬಬಹುದು.

ಪರದೆಯಲ್ಲಿ ಮಸಿ ಚೆಲ್ಲಿದಂಥ ಕಪ್ಪು ಕಲೆ ಇದ್ದರೆ ದ್ರವಸ್ಫಟಿಕ ಸೋರಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ, ಪರದೆಯನ್ನೇ ಬದಲಿಸಬೇಕು. ಪರದೆ ಒಟ್ಟಾರೆ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಹಾಳಾಗಿರುವುದು ಬೆಳಕನ್ನು ಸೋಸುವ ಮೇಲಿನ ಧ್ರುವಕ ಹಾಳೆ. ಕೌಶಲವಿರುವವರು ಅದನ್ನು ಬದಲಿಸಬಲ್ಲರು. ಅಂಕಿಯ ಕೆಲವು ಗೆರೆಗಳಷ್ಟೇ ಕಾಣೆಯಾಗಿದ್ದರೆ ಪರದೆಗೂ ಸರ್ಕ್ಯೂಟ್ ಹಲಗೆಗೂ ನಡುವೆ ಇರುವ ರಬ್ಬರ್ ಸಂಪರ್ಕ ಪಟ್ಟಿಯಲ್ಲಿ ಧೂಳು ಕೂತಿರುವುದು ಸಾಮಾನ್ಯ, ಶುಚಿಗೊಳಿಸಿದರೆ ಮರಳಿ ಬರುತ್ತವೆ. ಹಿಂಬದಿಯ ಮುಚ್ಚಳದ ಸ್ಕ್ರೂಗಳ ತಲೆ ಸವೆದಿದೆಯೇ, ಸಂವೇದಕದ ಗಾಜಿನ ಮೇಲೆ ಆಳವಾದ ಗೀರುಗಳಿವೆಯೇ ಎಂಬುದನ್ನೂ ನೋಡಿಕೊಳ್ಳಿ. ಬೆಲ್ಟು ಹರಿದಿರುವುದು ದೊಡ್ಡ ದೋಷವೆಂದು ನನಗೆ ಅನಿಸುವುದಿಲ್ಲ. ಆ ಕಾಲದ ರೆಸಿನ್ ಬೆಲ್ಟು ಹರಿಯದೆ ಉಳಿದಿದ್ದರೆ ಅದೇ ಆಶ್ಚರ್ಯ.

ಸೆಲ್ ಬದಲಿಸುವುದು

ಹಳೆಯ ಗಡಿಯಾರ ಕೈಗೆ ಬಂದ ಕೂಡಲೇ, ಅದು ನಡೆಯುತ್ತಿರಲಿ ಬಿಡಲಿ, ಒಳಗಿನ ಸೆಲ್ಲನ್ನು ಬದಲಿಸುವುದು ನನ್ನ ಸಲಹೆ. ಎಷ್ಟು ವರ್ಷದ ಸೆಲ್ಲು ಎಂದು ಹೊರಗಿನಿಂದ ತಿಳಿಯುವುದಿಲ್ಲ, ಮತ್ತು ಸೋರಿದ ಸೆಲ್ಲು ಸರ್ಕ್ಯೂಟಿನ ತಾಮ್ರದ ಗೆರೆಗಳನ್ನು ತಿಂದುಹಾಕಿದ ಮೇಲೆ ಮಾಡುವುದೇನೂ ಉಳಿಯುವುದಿಲ್ಲ.

ಬೇಕಾದ ಸಲಕರಣೆ ಹೆಚ್ಚಿಲ್ಲ: ಸರಿಯಾದ ಅಳತೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಚಿಮುಟ ಒಂದು, ಲೋಹದ ಚಿಮುಟ ಒಂದು, ಹತ್ತಿ ಸುತ್ತಿದ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್, ಸ್ವಲ್ಪ ಸಿಲಿಕೋನ್ ಗ್ರೀಸ್. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಬಿಳಿಯ ಬಟ್ಟೆ ಹಾಸಿದ ಮೇಜಿನ ಮೇಲೆ, ಫ್ಯಾನ್ ನಿಲ್ಲಿಸಿ, ಕುಳಿತುಕೊಳ್ಳಿ. ಬಟ್ಟೆ ಅಲಂಕಾರಕ್ಕಲ್ಲ, ಸಾಸಿವೆಗಿಂತ ಚಿಕ್ಕದಾದ ಸ್ಪ್ರಿಂಗ್ ಹಾರಿದರೆ ಉರುಳಿಹೋಗದಿರಲಿ ಎಂದು.

ಮುಚ್ಚಳ ಬಿಚ್ಚುವ ಮೊದಲು, ಗಡಿಯಾರದ ನೆನಪಿನಲ್ಲಿ ಉಳಿದಿರುವ ಅಂಕಿಗಳೇನಾದರೂ ಬೇಕಿದ್ದರೆ ಬರೆದಿಟ್ಟುಕೊಳ್ಳಿ. ಸೆಲ್ ತೆಗೆದ ಬಳಿಕ ಸಮಯದ ಜೊತೆಗೆ ಹಳೆಯ ದಾಖಲೆಗಳೂ ನೀವು ಕೊಟ್ಟ ಮೂಲ ಬಿಪಿ ಅಂಕಿಯೂ ಅಳಿಸಿಹೋಗುತ್ತವೆ ಎಂದೇ ಎಣಿಸಬೇಕು. ಇನ್ನೊಬ್ಬರಿಂದ ಕೊಂಡ ಗಡಿಯಾರವಾದರೆ ಅದು ಅಳಿಸಿಹೋಗುವುದೇ ಒಳ್ಳೆಯದು. ಹಿಂದಿನ ಮಾಲೀಕರ ರಕ್ತನಾಳದ ಲೆಕ್ಕದಲ್ಲಿ ನಿಮ್ಮ ಒತ್ತಡವನ್ನು ಅಂದಾಜು ಮಾಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಸ್ಕ್ರೂಗಳನ್ನು ಬಿಚ್ಚುವಾಗ ಮೇಲಿನಿಂದ ಚೆನ್ನಾಗಿ ಅದುಮಿ ಹಿಡಿದು ನಿಧಾನವಾಗಿ ತಿರುಗಿಸಿ. ತುಕ್ಕು ಹಿಡಿದು ಬಿಗಿಯಾಗಿದ್ದರೆ ಒಂದು ಹನಿ ತುಕ್ಕು ಬಿಡಿಸುವ ಎಣ್ಣೆಯನ್ನು ಕಡ್ಡಿಯ ತುದಿಯಿಂದ ಮುಟ್ಟಿಸಿ, ರಾತ್ರಿಯಿಡೀ ಬಿಟ್ಟು, ಮಾರನೆಯ ದಿನ ಪ್ರಯತ್ನಿಸಿ. ಮುಚ್ಚಳ ಎತ್ತಿದ ತಕ್ಷಣ ಒಂದು ಫೋಟೋ ತೆಗೆದುಕೊಳ್ಳುವುದು ಉತ್ತಮ ಅಭ್ಯಾಸ. ಸಣ್ಣ ಸ್ಪ್ರಿಂಗ್‌ಗಳು ಎಲ್ಲೆಲ್ಲಿವೆ ಎಂದು ಗಮನಿಸಿ. ಸಾಮಾನ್ಯ ಡಿಜಿಟಲ್ ಗಡಿಯಾರದಲ್ಲಿ ಅಲಾರಂ ಸದ್ದಿಗೆ ಮುಚ್ಚಳವನ್ನು ತಾಗುವ ಸ್ಪ್ರಿಂಗ್ ಇರುತ್ತದೆ. ಹಿಂಬದಿಯ ಲೋಹವೇ ಎಲೆಕ್ಟ್ರೋಡ್ ಆಗಿರುವ ಇಂಥ ಗಡಿಯಾರದಲ್ಲಿ ಆ ಲೋಹಕ್ಕೂ ಒಳಗಿನ ಸರ್ಕ್ಯೂಟಿಗೂ ಇರುವ ಸಂಪರ್ಕವೂ ಅಷ್ಟೇ ಮುಖ್ಯ. ಅದು ತಪ್ಪಿದರೆ ಗಡಿಯಾರ ನಡೆಯುತ್ತದೆ, ನಾಡಿಯೂ ಸಿಗಬಹುದು, ಬಿಪಿ ಮಾತ್ರ ಎಂದೂ ಬರುವುದಿಲ್ಲ.

ಸೆಲ್ಲಿನ ಮೇಲೆ ಕೊರೆದಿರುವ ಹೆಸರನ್ನು ಓದಿಕೊಂಡು ಅದೇ ಹೆಸರಿನ ಹೊಸದನ್ನು ತನ್ನಿ. ಆ ಹೆಸರಿನಲ್ಲೇ ಅಳತೆ ಅಡಗಿದೆ: ಸಿಆರ್2016 ಎಂದರೆ 20 ಮಿ.ಮೀ. ವ್ಯಾಸ, 1.6 ಮಿ.ಮೀ. ದಪ್ಪದ 3 ವೋಲ್ಟಿನ ಲಿಥಿಯಂ ಸೆಲ್. ವ್ಯಾಸ ಒಂದೇ ಇದೆಯೆಂದು ದಪ್ಪದ ಸೆಲ್ಲನ್ನು ತುರುಕಿದರೆ ಹಿಡಿಕೆ ಬಾಗುತ್ತದೆ. ಹೊಸ ಸೆಲ್ಲನ್ನು ಪ್ಲಾಸ್ಟಿಕ್ ಚಿಮುಟದಲ್ಲೇ ಹಿಡಿಯಿರಿ, ಏಕೆಂದರೆ ಲೋಹದ ಚಿಮುಟ ಎರಡೂ ಮುಖಗಳನ್ನು ಒಟ್ಟಿಗೆ ಮುಟ್ಟಿದರೆ ಸೆಲ್ ಶಾರ್ಟ್ ಆಗುತ್ತದೆ. ಹಳೆಯ ಸೆಲ್ ಸೋರಿದ ಗುರುತಿದ್ದರೆ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಗಟ್ಟಿಯಾಗಿ ಅಂಟಿರುವುದನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆಯಿರಿ. ಚಾಕು, ಪಿನ್ನು ಬೇಡ.

ಸೆಲ್ ಕೂರಿಸಿದ ಮೇಲೂ ಪರದೆ ಖಾಲಿಯಾಗಿದ್ದರೆ ಅಥವಾ ಅರ್ಥವಿಲ್ಲದ ಗೆರೆಗಳು ಕಂಡರೆ ಗಾಬರಿ ಬೇಡ. ಕ್ಯಾಸಿಯೋ ಡಿಜಿಟಲ್ ಗಡಿಯಾರಗಳ ಒಳಭಾಗದಲ್ಲಿ ‘ಎಸಿ’ ಎಂಬ ಇಂಗ್ಲಿಷ್ ಅಕ್ಷರಗಳಿರುವ ಒಂದು ಸಂಪರ್ಕ ಬಿಂದು ಸಾಮಾನ್ಯವಾಗಿ ಇರುತ್ತದೆ. ಲೋಹದ ಚಿಮುಟದ ಒಂದು ಕಾಲನ್ನು ಆ ಬಿಂದುವಿಗೆ, ಇನ್ನೊಂದನ್ನು ಸೆಲ್ಲಿನ ಧನ ಮುಖಕ್ಕೆ ಸುಮಾರು ಎರಡು ಸೆಕೆಂಡು ತಾಗಿಸಿದರೆ ಸರ್ಕ್ಯೂಟ್ ಹೊಸದಾಗಿ ಆರಂಭವಾಗುತ್ತದೆ. ಬೀದಿಬದಿಯ ಗಡಿಯಾರ ರಿಪೇರಿಯವರಲ್ಲಿ ಎಚ್‌ಎಂಟಿಯ ಕೀಲಿ ಕೊಡುವ ಗಡಿಯಾರವನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ ಕೈಗಳೂ ಈ ಒಂದು ಹಂತವನ್ನು ಬಿಟ್ಟು ‘ಮಷೀನು ಹೋಗಿದೆ’ ಎನ್ನುವುದುಂಟು. ಹಾಗೆ ತೀರ್ಪು ಬಂದ ಗಡಿಯಾರವನ್ನು ಎಸೆಯುವ ಮೊದಲು ಇದನ್ನು ಮಾಡಿ ನೋಡಿ.

ಮುಚ್ಚುವ ಮುನ್ನ ಸುತ್ತಲಿನ ರಬ್ಬರ್ ರಿಂಗನ್ನು ಪರೀಕ್ಷಿಸಿ. ಚಪ್ಪಟೆಯಾಗಿ ಗಡುಸಾಗಿದ್ದರೆ ಬದಲಿಸಬೇಕು. ಮೆದುವಾಗಿದ್ದರೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ, ಹೊಳಪು ಬರುವಷ್ಟು ಮಾತ್ರ, ಸವರಿ. ವ್ಯಾಸಲಿನ್ ಸವರಬೇಡಿ, ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ರಿಂಗು ಎಲ್ಲಿಯೂ ಮಡಿಸಿಕೊಳ್ಳದಂತೆ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಇಷ್ಟೆಲ್ಲ ಮಾಡಿದ ಬಳಿಕವೂ ಈ ಗಡಿಯಾರವನ್ನು ನೀರಿಗೆ ಇಳಿಸಬೇಡಿ. ಹಿಂದೆ ಏನೇ ಬರೆದಿರಲಿ, ಮೂವತ್ತು ದಾಟಿದ ಗಡಿಯಾರದ ಗುಂಡಿಗಳ ಮತ್ತು ಸಂವೇದಕದ ಸುತ್ತಲಿನ ಬಂದೋಬಸ್ತಿನ ಮೇಲೆ ಭರವಸೆ ಇಡಲಾಗದು.

ಸಂವೇದಕಗಳ ಶುಚಿ

ಅಳತೆ ತಪ್ಪುವುದಕ್ಕೆ ಬಹುಪಾಲು ಕಾರಣ ಕೊಳೆ. ಬೆವರು, ಎಣ್ಣೆ, ಸಾಬೂನಿನ ಪೊರೆ ಲೋಹದ ಮೇಲೆ ಕಟ್ಟಿಕೊಂಡರೆ ಹೃದಯದ ದುರ್ಬಲ ಸಂಕೇತ ಒಳಗೆ ಹೋಗುವುದಿಲ್ಲ. ಮುಂಭಾಗದ ಎಲೆಕ್ಟ್ರೋಡನ್ನೂ ಹಿಂಬದಿಯ ಲೋಹವನ್ನೂ ಆಲ್ಕೋಹಾಲಿನಿಂದ ತುಸು ತೇವಗೊಂಡ ಹತ್ತಿಯಲ್ಲಿ ಒರೆಸಿ, ಒಣಬಟ್ಟೆಯಿಂದ ತೀಡಿ. ಆಲ್ಕೋಹಾಲ್ ಮುಖದ ಬಣ್ಣದ ಬರಹಗಳಿಗೆ ತಾಗಿದರೆ ಅಕ್ಷರ ಅಳಿಸುವ ಅಪಾಯವಿದೆ, ಆದ್ದರಿಂದ ಹತ್ತಿ ತೊಟ್ಟಿಕ್ಕುವಂತಿರಬಾರದು. ಬೆಳಕಿನ ಸಂವೇದಕದ ಕಿಟಕಿಗೆ ಒದ್ದೆಮಾಡಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ಲೋಹ ಮಂಕಾಗಿದೆಯೆಂದು ಹುಣಸೆಹಣ್ಣು, ಪಾಲಿಶ್ ಪುಡಿ, ಟೂತ್‌ಪೇಸ್ಟ್ ಹಾಕಿ ಉಜ್ಜಬೇಡಿ. ಮೇಲಿನ ತೆಳುವಾದ ಲೇಪ ಹೋದರೆ ಕೆಳಗಿನ ಲೋಹ ಬೆವರಿಗೆ ಕರಗತೊಡಗುತ್ತದೆ.

ಮೂಲ ಅಂಕಿ ಕೊಡುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ ಇದು. ಇಲ್ಲಿ ಆದ ಐದು ಅಂಕಿಯ ತಪ್ಪು ಮುಂದಿನ ಪ್ರತಿಯೊಂದು ಅಳತೆಯಲ್ಲೂ ಕೂತಿರುತ್ತದೆ.

ಮೊದಲಿಗೆ ತೋಳಪಟ್ಟಿಯ ಯಂತ್ರ ನೆಚ್ಚುವಂಥದ್ದಾಗಿರಬೇಕು. ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ಸಂಘಟನೆ, ನಿಯಮಬದ್ಧ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಅದರಲ್ಲಿ ನಿಮ್ಮ ಯಂತ್ರದ ಮಾದರಿ ಇದೆಯೇ ನೋಡಿ. ತೋಳಪಟ್ಟಿಯ ಅಳತೆಯೂ ಹೊಂದಬೇಕು: ಒಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ ಸುಮಾರು ಶೇ 80ರಷ್ಟಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಅಳತೆಗೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಬೀಡಿ-ಸಿಗರೇಟು, ವ್ಯಾಯಾಮ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಮಾತಾಡದೆ ಐದು ನಿಮಿಷ ಕುಳಿತುಕೊಳ್ಳಿ. ಗಡಿಯಾರವನ್ನು ಎಡಗೈಗೆ ಕಟ್ಟಿದ್ದರೆ ತೋಳಪಟ್ಟಿಯನ್ನು ಬಲತೋಳಿಗೆ ಸುತ್ತುವುದು ನನ್ನ ಪ್ರಕಾರ ಸರಿ. ಗಡಿಯಾರ ಎಡಗೈಯಲ್ಲಿದ್ದರೂ ಅದು ಗಮನಿಸುವ ರಕ್ತದ ಅಲೆ ಬಲಗೈ ಬೆರಳಿನದು. ಹೋಲಿಕೆ ಅದೇ ಕೈಯಿಂದ ಆಗಬೇಕು. ಎರಡು ತೋಳುಗಳ ಒತ್ತಡದಲ್ಲಿ ಕೆಲವು ಅಂಕಿಗಳ ವ್ಯತ್ಯಾಸ ಅನೇಕರಲ್ಲಿ ಇರುತ್ತದೆ. ಅದು ಮತ್ತೆ ಮತ್ತೆ 10ಕ್ಕಿಂತ ಹೆಚ್ಚು ಕಂಡರೆ ಗಡಿಯಾರದ ವಿಷಯ ಬದಿಗಿಟ್ಟು ವೈದ್ಯರಿಗೆ ತಿಳಿಸಿ.

ಒಂದೊಂದು ನಿಮಿಷದ ಅಂತರದಲ್ಲಿ ಮೂರು ಬಾರಿ ಅಳೆಯಿರಿ. ಮೊದಲನೆಯದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅದನ್ನು ಬಿಟ್ಟು ಉಳಿದೆರಡರ ಸರಾಸರಿಯನ್ನು ತೆಗೆದುಕೊಳ್ಳಿ. ತೋಳಪಟ್ಟಿಯ ಗಾಳಿ ಪೂರ್ತಿ ಇಳಿದು ಒಂದು ನಿಮಿಷ ಕಳೆದ ಮೇಲಷ್ಟೇ ಗಡಿಯಾರದ ಮೇಲೆ ಬೆರಳಿಡಬೇಕು, ಪಟ್ಟಿ ಬಿಗಿದಿರುವಾಗ ಬೆರಳಿಗೆ ಅಲೆಯೇ ತಲುಪುವುದಿಲ್ಲ. ಕೈಪಿಡಿ ಇದ್ದರೆ ಅದು ಹೇಳುವ ಗುಂಡಿಗಳ ಕ್ರಮದಲ್ಲಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗಡಿಯಾರಕ್ಕೆ ಕೊಡಿ. ಮಾದರಿಯಿಂದ ಮಾದರಿಗೆ ಗುಂಡಿಗಳ ಕ್ರಮ ಬೇರೆಯಾಗಿರುವುದರಿಂದ ಹಿಂಬದಿಯಲ್ಲಿ ಕೊರೆದಿರುವ ಮಾಡ್ಯೂಲ್ ಸಂಖ್ಯೆಯ ಆಧಾರದಲ್ಲಿ ಕೈಪಿಡಿಯನ್ನು ಹುಡುಕಿ ಇಟ್ಟುಕೊಳ್ಳುವುದು ಒಳಿತು.

ಒಂದು ನೋಟ್ ಪುಸ್ತಕವನ್ನು ಇದಕ್ಕೆಂದೇ ಇಡಿ. ದಿನಾಂಕ, ಹೊತ್ತು, ತೋಳಪಟ್ಟಿಯ ಅಂಕಿ, ಗಡಿಯಾರದ ಅಂಕಿ, ಅಂದು ತೆಗೆದುಕೊಂಡ ಮಾತ್ರೆ, ಇಷ್ಟು ಸಾಕು. ಬೆಳಿಗ್ಗೆ ಅಂಕಿ ಕೊಟ್ಟು ಅದೇ ಸಂಜೆ ಮತ್ತೆ ಎರಡರಿಂದಲೂ ಅಳೆದು ನೋಡಿ. ಒಂದು ದಿನ ಮೆಟ್ಟಿಲು ಹತ್ತಿ ಬಂದ ಮೇಲೆ ನೋಡಿ. ಗಡಿಯಾರದ ನಿಜವಾದ ಯೋಗ್ಯತೆ ತಿಳಿಯುವುದು ಒತ್ತಡ ಬದಲಾದಾಗ ಅದೂ ಬದಲಾಗುತ್ತದೆಯೇ ಎಂಬುದರಲ್ಲಿ. ಬೆಳಿಗ್ಗೆ ಕೊಟ್ಟ 128/82ನ್ನು ಐದು ನಿಮಿಷದ ನಂತರ 128/82 ಎಂದೇ ತೋರಿಸಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಸಂದೇಹವಿರುವವರು ಬೇಕೆಂದೇ 20 ಅಂಕಿ ಹೆಚ್ಚು ಕೊಟ್ಟು ಅಳೆದು ನೋಡಬಹುದು: ಗಡಿಯಾರವೂ ಹೆಚ್ಚುಕಡಿಮೆ ಅಷ್ಟೇ ಮೇಲಕ್ಕೆ ಹೋಗಿ ನಿಲ್ಲುವ ಸಾಧ್ಯತೆಯೇ ಹೆಚ್ಚು. ಈ ಪ್ರಯೋಗ ಮಾಡಿದವರು ಸರಿಯಾದ ಅಂಕಿಯನ್ನು ಮರಳಿ ಕೊಡುವುದನ್ನು ಮರೆಯಬಾರದು.

ಮೂಲ ಅಂಕಿಯನ್ನು ಎಷ್ಟು ದಿನಕ್ಕೊಮ್ಮೆ ಹೊಸದಾಗಿ ಕೊಡಬೇಕು? ಇಂದಿನ ಸ್ಯಾಮ್‌ಸಂಗ್ ಗ್ಯಾಲಕ್ಸಿ ಗಡಿಯಾರಗಳಲ್ಲಿಯೂ ಬಿಪಿ ಅಂದಾಜಿಗೆ ತೋಳಪಟ್ಟಿಯ ಅಂಕಿ ಬೇಕು, ಅದನ್ನು 28 ದಿನಗಳಿಗೊಮ್ಮೆ ಹೊಸದಾಗಿ ಕೊಡಬೇಕೆಂಬುದು ಆ ಸಂಸ್ಥೆಯ ನಿಯಮ. ಹೊಸ ಯಂತ್ರಕ್ಕೇ ಆ ಅವಧಿಯಾದರೆ ಹಳೆಯದಕ್ಕೆ ಅದಕ್ಕಿಂತ ಉದಾರವಾಗಿರಲು ಕಾರಣವಿಲ್ಲ. ಎರಡು ವಾರಕ್ಕೊಮ್ಮೆ ಎಂದು ಇಟ್ಟುಕೊಳ್ಳಿ. ಬಿಪಿ ಮಾತ್ರೆ ಬದಲಾದಾಗ, ಜ್ವರ ಬಂದು ಹೋದಾಗ, ಸೆಲ್ ಬದಲಿಸಿದಾಗ ಕೂಡಲೇ ಕೊಡಬೇಕು. ಒಬ್ಬರು ಅಂಕಿ ಕೊಟ್ಟ ಗಡಿಯಾರದಲ್ಲಿ ಮನೆಯ ಉಳಿದವರು ಅಳೆದುಕೊಳ್ಳುವಂತಿಲ್ಲ. ಅಜ್ಜನ ಗಡಿಯಾರದಲ್ಲಿ ಮೊಮ್ಮಗನ ಬಿಪಿ ನೋಡುವುದು ಬರಿಯ ಆಟ.

ದಿನನಿತ್ಯದ ಅಳತೆ

ಮೇಜಿನ ಮುಂದೆ ಕುಳಿತು ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಗಡಿಯಾರ ಎದೆಯ ಮಟ್ಟಕ್ಕೆ ಬರುವಂತೆ ಕೈಗಳನ್ನು ಹಿಡಿಯಿರಿ. ಕೈಯ ಎತ್ತರ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಲ್ಲಿನ ನಾಳದೊಳಗಿನ ಒತ್ತಡ ಸುಮಾರು 8 ಮಿ.ಮೀ. ಪಾದರಸದಷ್ಟು ಹೆಚ್ಚಾಗುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆಯಾಗುತ್ತದೆ. ಆದ್ದರಿಂದ ಮೂಲ ಅಂಕಿ ಕೊಟ್ಟಾಗ ಇದ್ದ ಭಂಗಿಯೇ ಪ್ರತಿ ಬಾರಿಯೂ ಇರಬೇಕು. ಮಲಗಿಕೊಂಡೋ, ಬಸ್ಸಿನಲ್ಲಿ ನಿಂತೋ ತೆಗೆದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದೇ ಬೇಡ.

ಬೆಲ್ಟನ್ನು ಅಳತೆಯ ಹೊತ್ತಿಗೆ ಒಂದು ತೂತು ಬಿಗಿಮಾಡಿ, ಹಿಂಬದಿಯ ಲೋಹ ಚರ್ಮಕ್ಕೆ ಪೂರ್ತಿ ತಾಗಲಿ. ಮಣಿಕಟ್ಟಿನ ಚರ್ಮ ಒಣಗಿದ್ದರೆ, ಮುಖ್ಯವಾಗಿ ಚಳಿಗಾಲದಲ್ಲಿ, ನೀರಿನಿಂದ ತುಸು ತೇವಮಾಡಿಕೊಳ್ಳಿ. ಬೆರಳುಗಳು ಬೆಚ್ಚಗಿರಬೇಕು, ತಣ್ಣಗಿದ್ದರೆ ಅಂಗೈಗಳನ್ನು ಉಜ್ಜಿಕೊಳ್ಳಿ. ಬೆರಳ ತುದಿಯಲ್ಲಿ ಗಾಢವಾದ ಮೆಹೆಂದಿ ಇರುವ ದಿನಗಳಲ್ಲಿ ಬೆಳಕು ಸರಿಯಾಗಿ ಹಾಯದೆ ಅಳತೆ ಕೈಕೊಡಬಹುದು.

ಬೆರಳುಗಳನ್ನು ಸಂವೇದಕಗಳ ಮೇಲೆ ಹಗುರವಾಗಿ ಇಡಿ. ಬಹುತೇಕ ಎಲ್ಲರೂ ಮೊದಲಿಗೆ ಗಟ್ಟಿಯಾಗಿ ಒತ್ತುತ್ತಾರೆ, ಒತ್ತಿದಷ್ಟೂ ಚೆನ್ನಾಗಿ ಅಳೆಯುತ್ತದೆ ಎಂಬ ಭಾವನೆಯಿಂದ. ಆದರೆ ಒತ್ತಿದರೆ ಬೆರಳ ತುದಿಯ ರಕ್ತ ಹಿಂದೆ ಸರಿದು ಅಲೆಯೇ ಮಾಯವಾಗುತ್ತದೆ. ಉಗುರಿನ ಕೆಳಗೆ ಬಣ್ಣ ಬಿಳಿಚಿಕೊಂಡರೆ ಬೆರಳನ್ನು ಒತ್ತಿದ್ದು ಹೆಚ್ಚಾಯಿತೆಂದು ತಿಳಿಯಿರಿ. ಅಳತೆ ಮುಗಿಯುವ ತನಕ ಮಾತು, ನಗು, ಅಲುಗಾಟ ಬೇಡ. ಕಿಟಕಿಯ ಬಿಸಿಲು ನೇರವಾಗಿ ಸಂವೇದಕದ ಮೇಲೆ ಬೀಳದಿರಲಿ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್, ವಿದ್ಯುತ್ ಹಾಸಿಗೆಯಂಥವುಗಳಿಂದ ದೂರ ಕುಳಿತುಕೊಳ್ಳಿ, ಮನೆಯ 50 ಹರ್ಟ್ಜ್ ವಿದ್ಯುತ್ತಿನ ಗುಂಯ್ಗುಡುವಿಕೆ ಇಸಿಜಿ ಸಂಕೇತದೊಳಗೆ ನುಸುಳುತ್ತದೆ.

ನಾಡಿ ಸಿಕ್ಕಿ ಬಿಪಿ ಮಾತ್ರ ಬರದಿದ್ದರೆ ದೋಷವನ್ನು ಎಲೆಕ್ಟ್ರೋಡುಗಳ ಕಡೆ ಹುಡುಕಿ: ಹಿಂಬದಿಯ ಸಂಪರ್ಕ, ಒಣ ಚರ್ಮ, ಕೊಳೆ. ನಾಡಿಯೂ ಸಿಗದಿದ್ದರೆ ಬೆಳಕಿನ ಸಂವೇದಕವನ್ನು ಶಂಕಿಸಿ. ಅಳತೆ ಶುರುವಾದ ಕೂಡಲೇ ಪರದೆ ಮಂಕಾದರೆ ಸೆಲ್ ಮುಗಿಯುತ್ತಿದೆ. ಪ್ರತಿ ಬಾರಿಯೂ ಅಂಕಿ ಹುಚ್ಚುಹುಚ್ಚಾಗಿ ಏರಿಳಿದರೆ, ಮೇಲಿನ ಯಾವ ಕಾರಣವೂ ಇಲ್ಲದಿದ್ದರೆ, ನಾಡಿಯನ್ನು ಕೈಯಿಂದಲೇ ಒಂದು ನಿಮಿಷ ಮುಟ್ಟಿ ಎಣಿಸಿ. ಬಡಿತವೇ ಲಯ ತಪ್ಪಿದ್ದರೆ ಇಂಥ ಗಡಿಯಾರದ ಲೆಕ್ಕ ನಿಲ್ಲುವುದಿಲ್ಲ, ಮತ್ತು ಆಗ ತೋರಿಸಬೇಕಾದದ್ದು ಗಡಿಯಾರ ರಿಪೇರಿಯವರಿಗಲ್ಲ, ವೈದ್ಯರಿಗೆ. ಹೃದಯದಲ್ಲಿ ಪೇಸ್‌ಮೇಕರ್ ಇರುವವರು ಈ ಗಡಿಯಾರದ ಬಿಪಿ ಭಾಗವನ್ನು ಬಳಸದಿರುವುದೇ ಸರಿ.

ಅಂಕಿಯನ್ನು ಎಷ್ಟು ನಂಬಬೇಕು?

ತೋಳಪಟ್ಟಿಯ ಯಂತ್ರಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸರಾಸರಿ ತಪ್ಪು 5 ಮಿ.ಮೀ. ಪಾದರಸಕ್ಕಿಂತ, ಅದರ ಚದುರುವಿಕೆ (ಅಳತೆಯಿಂದ ಅಳತೆಗೆ ತಪ್ಪು ಎಷ್ಟು ಏರಿಳಿಯುತ್ತದೆ ಎಂಬುದು) 8ಕ್ಕಿಂತ ಹೆಚ್ಚಿರಕೂಡದು. ನಿಮ್ಮ ನೋಟ್ ಪುಸ್ತಕದ ಜೋಡಿ ಅಂಕಿಗಳನ್ನು ಹತ್ತಿಪ್ಪತ್ತು ಸಾಲು ತುಂಬಿದ ಮೇಲೆ ಹೋಲಿಸಿ ನೋಡಿ. ವ್ಯತ್ಯಾಸ ಪದೇ ಪದೇ 10 ದಾಟುತ್ತಿದ್ದರೆ, ಹೊಸದಾಗಿ ಮೂಲ ಅಂಕಿ ಕೊಟ್ಟರೂ ಸರಿಹೋಗದಿದ್ದರೆ, ಬಿಪಿ ಭಾಗವನ್ನು ಬಿಟ್ಟುಬಿಡಿ. ಯುರೋಪಿನ ಅಧಿಕ ರಕ್ತದೊತ್ತಡ ತಜ್ಞರ ಸಂಘ 2023ರ ತನ್ನ ಮಾರ್ಗಸೂಚಿಯಲ್ಲಿ, ಇಂದಿನ ಹೊಸ ಪಟ್ಟಿರಹಿತ ಸಾಧನಗಳನ್ನೂ ರೋಗ ಗುರುತಿಸಲು ಅಥವಾ ಚಿಕಿತ್ಸೆ ನಿರ್ಧರಿಸಲು ಬಳಸಬಾರದೆಂದೇ ಹೇಳಿದೆ. ಗಡಿಯಾರದ ರೂಪದಲ್ಲೇ ನಿಜವಾದ ಅಳತೆ ಬೇಕೆನ್ನುವವರಿಗೆ ಓಮ್ರಾನ್ ಸಂಸ್ಥೆಯ ಹಾರ್ಟ್‌ಗೈಡ್ ಎಂಬ ಗಡಿಯಾರ 2019ರಲ್ಲಿ ಬಂದಿತು. ಅದರ ಬೆಲ್ಟಿನೊಳಗೆ ಗಾಳಿ ತುಂಬುವ ಪುಟ್ಟ ಪಟ್ಟಿಯೇ ಇದೆ. ಅಂದರೆ ಪಟ್ಟಿಯಿಂದ ತಪ್ಪಿಸಿಕೊಳ್ಳಲು ಅದಕ್ಕೂ ಆಗಲಿಲ್ಲ.

ಮನೆಯಲ್ಲಿ ತೋಳಪಟ್ಟಿಯಿಂದ ಅಳೆದ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ವೈದ್ಯರನ್ನು ಕಾಣಬೇಕು. ಗಡಿಯಾರ 180/120ರ ಆಸುಪಾಸಿನ ಅಂಕಿ ತೋರಿಸಿದರೆ ಕೂಡಲೇ ತೋಳಪಟ್ಟಿಯಿಂದ ನೋಡಿ. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಮುಖ ಅಥವಾ ಕೈ ಒಂದು ಬದಿಗೆ ಸೋಲುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಯಾವ ಅಳತೆಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಗಡಿಯಾರ ಸಹಜವಾದ ಅಂಕಿ ತೋರಿಸುತ್ತಿದೆ ಎಂಬ ಸಮಾಧಾನದಲ್ಲಿ ಇಂಥ ಲಕ್ಷಣಗಳನ್ನು ಕಡೆಗಣಿಸುವುದು ಈ ಗಡಿಯಾರದಿಂದ ಆಗಬಹುದಾದ ದೊಡ್ಡ ಅಪಾಯ.

ಇಟ್ಟುಕೊಳ್ಳುವ ಬಗೆ

ರೆಸಿನ್ ಬೆಲ್ಟಿನ ಶತ್ರು ತೇವ. ಕರಾವಳಿಯಲ್ಲೂ ಮಲೆನಾಡಿನ ಮಳೆಗಾಲದಲ್ಲೂ ಅದು ಅಂಟಂಟಾಗಿ, ಬಳಿಕ ಪುಡಿಯಾಗಿ ಉದುರುತ್ತದೆ. ಬೆವರಿದ ದಿನ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣವಿರುವ ಡಬ್ಬಿಯಲ್ಲಿ, ಬೆಲ್ಟನ್ನು ಮಡಿಸದೆ ಇಡಿ. ಎಣ್ಣೆ, ಕ್ರೀಮು ಹಚ್ಚಿ ಮೆದುಗೊಳಿಸುವ ಪ್ರಯತ್ನ ಬೇಡ. ನುಸಿಗುಳಿಗೆ ಇರುವ ಬೀರುವಿನಲ್ಲೂ ಬೇಡ, ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಂಭಾಗದಲ್ಲಿ ಬಿಟ್ಟರೆ ಪರದೆ ಕಪ್ಪಾಗುತ್ತದೆ. ತಣಿದಾಗ ಮರಳಿದರೂ ಧ್ರುವಕ ಹಾಳೆಯ ಆಯುಷ್ಯ ಪ್ರತಿ ಸಲವೂ ಕುಗ್ಗುತ್ತದೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಕಟ್ಟಿಕೊಳ್ಳುವುದಿಲ್ಲವೆಂದಾದರೆ ಸೆಲ್ ತೆಗೆದಿಡಿ.

ತೆಗೆದ ಸೆಲ್ಲಿನ ಎರಡೂ ಮುಖಗಳಿಗೆ ಟೇಪು ಅಂಟಿಸಿ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಕಡೆಗೆ ಕೊಡಿ, ಮನೆಯ ಕಸದ ಜೊತೆ ಹಾಕಬೇಡಿ. ಅಲ್ಲಿಯವರೆಗೆ ಅದು ಮಕ್ಕಳ ಕೈಗೆ ಎಟುಕದ ಕಡೆ ಇರಲಿ. ಖಾಲಿಯಾದ ಸೆಲ್ಲಾದರೂ ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ತೀವ್ರವಾದ ಸುಟ್ಟ ಗಾಯ ಮಾಡಬಲ್ಲದು. ನುಂಗಿರುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.